ನಶ್ಯದ ಡಬ್ಬಿಗೆ ಬಂದ ಮರ್ಯಾದೆ

ಮಳವಳ್ಳಿಯಲ್ಲಿ ನಮ್ಮ ಮಾವನವರ ಮನೆಯಲ್ಲಿ ಪಾತ್ರೆಗಳಿಗೂ ಜಾತಿಯಿತ್ತು. ಬೆಳ್ಳಿಯ ಪಂಚಪಾತ್ರೆ ದೇವರ ಮನೆಯದು. ಅದು ಬೇರೆ ಯಾವ ಪಾತ್ರೆಯೊಡನೆಯೂ ಬೆರೆಯುತ್ತಿರಲಿಲ್ಲ. ತಾಮ್ರ, ಹಿತ್ತಾಳೆ, ಕಂಚು ಒಂದೇ ಪಂಕ್ತಿಯಲ್ಲಿ ಕೂರಬಹುದಾದವು. ಸಾರು ಕುದಿಯುವ ಕಲ್ಚಟ್ಟಿ ನೋಡಲು ಕಪ್ಪಗಿದ್ದರೂ ಒಳ್ಳೆಯ ಕುಲದ್ದು. ಮಣ್ಣಿನ ಮಡಕೆ ಇರುವಷ್ಟು ದಿನ ಇರಬಹುದು. ಗ್ರಹಣಕ್ಕೋ ಸೂತಕಕ್ಕೋ ಸಿಕ್ಕಿದರೆ ಮರುಮಾತಿಲ್ಲದೆ ತಿಪ್ಪೆಗೆ ಹೋಗಬೇಕು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂದ ಹೊಸತರಲ್ಲಿ ಅಲ್ಲಿನ ಅಂಗಡಿಗಳಿಗೆ ಬರತೊಡಗಿದ್ದ ಅಲ್ಯುಮಿನಿಯಂ ಜಗಲಿಯ ತನಕ ಬರಬಹುದಿತ್ತು, ಒಳಗೆ ಕಾಲಿಡುವ ಹಾಗಿರಲಿಲ್ಲ. ಇವೆಲ್ಲದರ ತೀರ್ಪುಗಾರರು ಮಾವನವರೇ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ಪೆನ್ಷನ್ ಆದಮೇಲೆ ರೈತರ ತಕರಾರುಗಳು ಕೈತಪ್ಪಿ ಹೋಗಿದ್ದವು. ಪಾತ್ರೆಗಳಾದರೂ ಉಳಿದಿದ್ದವಲ್ಲ, ದೇವರು ದೊಡ್ಡವನು.

ಅವರಿಗೆ ತೊಡಕಾಗಿದ್ದು ಪಿಂಗಾಣಿ ಒಂದೇ. ಅಡುಗೆಮನೆಯ ಮೂಲೆಯಲ್ಲಿ ಉಪ್ಪಿನಕಾಯಿಯ ಪಿಂಗಾಣಿ ಜಾಡಿಗಳು ಸಾಲಾಗಿ ಕೂತಿದ್ದವು. ಮಾವಿನಮಿಡಿ ಇಲ್ಲದೆ ಮಾವನವರಿಗೆ ಮೊಸರನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆದ್ದರಿಂದ ಉಪ್ಪು, ಎಣ್ಣೆ ತುಂಬಿರುವ ತನಕ ಜಾಡಿಗೆ ದೋಷವಿಲ್ಲ ಎಂದು ತೀರ್ಪಾಗಿತ್ತು. ಶಾಸ್ತ್ರ ನಾಲಗೆಯ ಮಾತು ಕೇಳುವುದು ಹೊಸದೇನಲ್ಲ. ಆದರೆ ಪಕ್ಕದ ಮನೆಯ ಮೇಷ್ಟರ ಹೆಂಡತಿಗೆ ಈ ರಿಯಾಯಿತಿ ಸಿಗಲಿಲ್ಲ. ಆಕೆಯ ಅತ್ತೆ ತೀರಿಕೊಂಡಾಗ ಕಾಫಿ ಕುಡಿಯಲು ಇಟ್ಟುಕೊಂಡಿದ್ದ ಪಿಂಗಾಣಿ ಬಟ್ಟಲುಗಳನ್ನು ಮಾವನವರು ಬಾಗಿಲಲ್ಲಿ ನಿಂತು ಆಚೆ ಹಾಕಿಸಿದ್ದರು. "ಪಿಂಗಾಣಿ ಅಂದರೇನಮ್ಮ? ಮಣ್ಣು. ಬಿಳೀ ಬಣ್ಣ ಬಳಿದುಕೊಂಡ ಮಾತ್ರಕ್ಕೆ ಮಣ್ಣು ಮಣ್ಣಲ್ಲದೆ ಹೋಗುತ್ತೇನು?" ಎಂದು ಬೀದಿಗೆ ಕೇಳುವ ಹಾಗೆ ಹೇಳಿದ್ದರು. ಗಾದೆಯ ಹಾಗಿತ್ತು, ಊರಿನವರ ಬಾಯಿಗೂ ಹತ್ತಿತು.

ನಮ್ಮ ಮನೆಯಲ್ಲಿ ಇನ್ನೊಂದು ಪಿಂಗಾಣಿ ಇತ್ತು. ಅದು ಮಾವನವರ ಅಕ್ಕನದು. ನಾನು ಅವರನ್ನು ದೊಡ್ಡತ್ತೆ ಎನ್ನುತ್ತಿದ್ದೆ. ಮೈನೆರೆಯುವುದರೊಳಗೆ ಗಂಡ ಸತ್ತು, ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಶ್ರೀರಂಗಪಟ್ಟಣದ ಗಂಡನ ಮನೆಯಿಂದ ವಾಪಸು ಕಳಿಸಿದ್ದರು. ಒಡವೆಗಳನ್ನು ಅಲ್ಲಿ 'ಜೋಪಾನವಾಗಿ' ಇಟ್ಟುಕೊಂಡರು. ಆ ಜೋಪಾನ ಇವತ್ತಿಗೂ ನಡೆದಿರಬೇಕು. ಒಂದು ಬಿಳಿಯ ಡಬ್ಬಿಯನ್ನು ಮಾತ್ರ, ಇದು ಯಾತಕ್ಕೆ ಬರುತ್ತದೆಂದು ಆ ಮನೆಯಲ್ಲಿ ಯಾರಿಗೂ ಹೊಳೆಯದ್ದರಿಂದ, ಮಗುವಿನ ಕೈಗೆ ಕೊಟ್ಟು ಕಳಿಸಿದರು. ಮೂಸಂಬಿಯನ್ನು ಮೇಲಿಂದ ಸ್ವಲ್ಪ ಒತ್ತಿದ ಹಾಗೆ ದುಂಡಗೆ, ಮುಚ್ಚಳ ಸರಿಯಾಗಿ ಕೂರುವಂಥದು, ಹಾಲಿನ ಕೆನೆಗೆ ಒಂದು ಹನಿ ನೀಲಿ ಬೆರೆಸಿದಂಥ ಬಿಳುಪು. ಬೇಸಿಗೆಯಲ್ಲೂ ಮುಟ್ಟಿದರೆ ತಣ್ಣಗಿರುತ್ತಿತ್ತು.

ದೊಡ್ಡತ್ತೆ ಅದರಲ್ಲಿ ನಶ್ಯ ಇಡುತ್ತಿದ್ದರು. ಸಂತೆಯಿಂದ ಬಾಳೆಪಟ್ಟೆಯಲ್ಲಿ ಕಟ್ಟಿಸಿಕೊಂಡು ಬಂದ ನಶ್ಯ ಪಟ್ಟೆಯಲ್ಲೇ ಬಿಟ್ಟರೆ ಒಣಗುತ್ತದೆ, ತಗಡಿನ ಡಬ್ಬಿಗೆ ಹಾಕಿದರೆ ತುಕ್ಕು ವಾಸನೆ. ಈ ಡಬ್ಬಿಯಲ್ಲಿ ಮಾತ್ರ ಹದವಾಗಿರುತ್ತಿತ್ತು. ಅವರು ಮಡಿಹೆಂಗಸು. ಬೆಳಗಿನ ಜಾವ ತಣ್ಣೀರು ಹುಯ್ದುಕೊಂಡರೆ ಎಲ್ಲರ ಊಟ ಮುಗಿಯುವ ತನಕ ಅವರನ್ನು ಯಾರೂ ಮುಟ್ಟುವಂತಿಲ್ಲ. ನನ್ನ ಮಕ್ಕಳು ಅಂಬೆಗಾಲಿಡುವಾಗಲೇ ಅವರನ್ನು ಒಲೆಯನ್ನು ಬಳಸಿಕೊಂಡು ಹೋಗುವಂತೆ ಬಳಸಿಕೊಂಡು ಹೋಗುವುದನ್ನು ಕಲಿತಿದ್ದವು. ಮನೆಯವರೆಲ್ಲ ಉಂಡ ಮೇಲೆ ಒಂದು ಹೊತ್ತು ಉಂಡು, ಎಂಜಲು ಬಳಿದು, ಹಿತ್ತಿಲ ಬಚ್ಚಲ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಕಿಟಕಿಯಿಂದ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿದರೆ ಅದೇ ಅವರ ಕಾಶಿ, ಅದೇ ರಾಮೇಶ್ವರ. ಡಬ್ಬಿ ಬಚ್ಚಲ ಕಿಟಕಿಯಲ್ಲಿರುತ್ತಿದ್ದುದೂ ಮಾವನವರ ತೀರ್ಪಿನಂತೆಯೇ. ಒಳಗೆ ಬರಕೂಡದು; ಯಾವ ದೇಶದ ಮಣ್ಣೋ, ಯಾವ ಪ್ರಾಣಿಯ ಮೂಳೆ ಬೆರೆಸಿದ್ದಾರೋ!

ನಮ್ಮ ಯಜಮಾನರು ಬ್ಲಫ್‌ನ ವಿದ್ಯುತ್ ಕೇಂದ್ರದಲ್ಲಿ ಗುಮಾಸ್ತರು. ಊರೂರಿಗೆ ಕರೆಂಟು ಕಳಿಸುವ ಕಡೆ ಕೆಲಸ, ಅಪ್ಪನ ಮುಂದೆ ನಿಂತರೆ ಮಾತ್ರ ಫ್ಯೂಸು ಹೋದಂತೆ. ಒಂದು ಶನಿವಾರ ಬರುವಾಗ ಅಲ್ಲಿನ ಬಂಗಲೆಯಲ್ಲಿ ಇಳಿದುಕೊಂಡಿದ್ದ ಒಬ್ಬರು ಅಧಿಕಾರಿಗಳನ್ನು ಕರೆತಂದರು. ಹಳೆಯ ಶಾಸನ, ವೀರಗಲ್ಲು ಹುಡುಕಿಕೊಂಡು ಗದ್ದೆಬದುವಿನಲ್ಲಿ ತಿರುಗುವ ಸರ್ಕಾರಿ ಪಂಡಿತರು. ಸಾಧು ಮನುಷ್ಯ. ಮಾವನವರು ತಮ್ಮ ತಾತನ ಕಾಲದ ತಾಳೆಗರಿಗಳನ್ನು ಹರಡಿಕೊಂಡು ಕೂತರು. ಪಂಡಿತರು ಒಂದೆರಡನ್ನು ತಿರುಗಿಸಿ ನೋಡಿ, "ಇದು ಪಂಚಾಂಗ... ಇದೂ ಪಂಚಾಂಗವೇ," ಎಂದು ಮರ್ಯಾದೆಯಿಂದ ಕೆಳಗಿಟ್ಟು, ಕೈತೊಳೆಯಲು ಹಿತ್ತಿಲಿಗೆ ಹೋದರು.

ಅಲ್ಲಿ ದೊಡ್ಡತ್ತೆ ಡಬ್ಬಿ ತೆರೆದುಕೊಂಡು ಕೂತಿದ್ದರು. ಪಂಡಿತರು ಕೈತೊಳೆಯುವುದನ್ನು ಮರೆತರು. ಕೇಳಿ ಇಸಿದುಕೊಂಡು, ಪಂಚೆಯ ಚುಂಗಿನಲ್ಲಿ ಒರೆಸಿ, ಬೆಳಕಿಗೆ ಹಿಡಿದು, ಮಗುವನ್ನು ಬೋರಲು ಹಾಕುವ ಹಾಗೆ ಮೆಲ್ಲಗೆ ತಿರುಗಿಸಿದರು. ಮಾವನವರೂ ನಾನೂ ಹಿಂದೆ ನಿಂತಿದ್ದೆವು.

"ಇದು ಚೀನಾ ದೇಶದ್ದು ಸ್ವಾಮಿ. ಬಹಳ ಹಳೆಯದು, ಎಷ್ಟೋ ನೂರು ವರ್ಷದ್ದು ಇರಬೇಕು. ಹಡಗಿನಲ್ಲಿ ಬಂದಿರುತ್ತೆ. ತಳದಲ್ಲಿ ನೋಡಿ, ಮೆರುಗು ಹತ್ತದ ಕಡೆ ಒಳಗಿನ ಮಣ್ಣು ಕಾಣುತ್ತೆ. ಎಂಥ ನುಣುಪು ಮಣ್ಣು! ಅಲ್ಲಿನ ದೊಡ್ಡ ಮನೆತನದ ಹೆಂಗಸರು ಮುಖಕ್ಕೆ ಹಚ್ಚುವ ಪುಡಿ ಇಟ್ಟುಕೊಳ್ಳುತ್ತಿದ್ದ ಡಬ್ಬಿ ಇದು."

"ಮೂಗೂ ಮುಖದಲ್ಲೇ ಇದೆಯಲ್ಲಪ್ಪ," ಎಂದರು ದೊಡ್ಡತ್ತೆ.

ಪಂಡಿತರು ನಕ್ಕು, "ಮ್ಯೂಸಿಯಂನಲ್ಲಿ ಇಂಥದ್ದು ಒಂದೂ ಇಲ್ಲ. ಮನೆಯವರಿಗೆ ಕೊಡುವ ಮನಸ್ಸಿದ್ದರೆ..." ಎಂದರು. ಆ ವಾಕ್ಯ ಮುಗಿಯುವಷ್ಟರಲ್ಲಿ ಮಾವನವರು ಕೊಟ್ಟಾಗಿತ್ತು.

"ಕೊಟ್ಟೆವು ಅಂತಲೇ ತಿಳೀರಿ. ಕೊಟ್ಟವರ ಹೆಸರು ಏನಾದರೂ ಬರೀತೀರೋ?"

"ಪಕ್ಕದಲ್ಲೇ ಚೀಟಿ ಇರುತ್ತೆ."

ಮುಂದಿನ ಸುತ್ತಿಗೆ ಬರುವಾಗ ಕಾಗದಪತ್ರ ಮಾಡಿಸಿಕೊಂಡು ಬಂದು ಡಬ್ಬಿ ತೆಗೆದುಕೊಂಡು ಹೋಗುವುದೆಂದು ಮಾತಾಯಿತು. ಪಂಡಿತರ ಜಟಕಾ ಬೀದಿ ತಿರುಗುವುದರೊಳಗೆ ಡಬ್ಬಿಯ ಜಾತಿ ಬದಲಾಯಿತು. ನಶ್ಯವನ್ನು ತಿಪ್ಪೆಗೆ ಕೊಡವಿ, ಹುಣಸೆಹಣ್ಣಿನಲ್ಲಿ ತಿಕ್ಕಿ, ಬಿಸಿನೀರಲ್ಲಿ ಜಾಲಿಸಿ ಒಣಗಿಸು ಎಂದು ನನಗೆ ಅಪ್ಪಣೆಯಾಯಿತು. ನಡುಮನೆಯ ಗೂಡಿನಲ್ಲಿ ಗಣಪತಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಕೆಳಗೆ ಒಂದು ರೇಷ್ಮೆ ಚೂರು ಹಾಸಿ, ಬರಿದಾದ ಡಬ್ಬಿಯನ್ನು ಕೂರಿಸಿದರು. ಮೂಳೆಯ ಮಾತು ಯಾರ ಬಾಯಲ್ಲೂ ಬರಲಿಲ್ಲ. ಬಂದವರಿಗೆಲ್ಲ ದೂರದಿಂದ ದರ್ಶನ. "ನಮ್ಮ ಮನೆತನದ್ದು. ಮ್ಯೂಸಿಯಮ್ಮಿಗೆ ಹೋಗ್ತಾ ಇದೆ," ಎಂದು ಮಾವನವರು ಹೇಳುವಾಗ ಮಗಳನ್ನು ಅರಮನೆಗೆ ಕೊಟ್ಟವರ ಹಾಗೆ ಕಾಣುತ್ತಿದ್ದರು.

ಮರುದಿನ ಮಧ್ಯಾಹ್ನ ದೊಡ್ಡತ್ತೆ ಕೇಳಿದರು. ಅವರು ತಮ್ಮನನ್ನು ಏನನ್ನಾದರೂ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅದು ನಂದಲ್ಲವೇನೋ?"

"ನಿಂದೇನು ನಂದೇನು ಅಕ್ಕಯ್ಯ? ಮನೇದು."

"ಮನೇದಾದರೆ ಇಷ್ಟು ವರ್ಷ ಬಚ್ಚಲ ಕಿಟಕೀಲಿ ಯಾಕಿತ್ತು?"

"ಆಗ ಗೊತ್ತಿರಲಿಲ್ಲ."

"ಏನು ಗೊತ್ತಿರಲಿಲ್ಲ? ಅದು ಮನೇದು ಅಂತಲೇನು?"

ಮಾವನವರು ಪಂಚಾಂಗ ಕೈಗೆತ್ತಿಕೊಂಡರು. ಇಂಥ ಹೊತ್ತಿನಲ್ಲಿ ಅವರಿಗೆ ತಿಥಿ ನೋಡುವ ಅಗತ್ಯ ಬೀಳುತ್ತಿತ್ತು. ನಮ್ಮ ಯಜಮಾನರು ಅಂದು ಬ್ಲಫ್‌ಗೆ ಒಂದು ಬಸ್ಸು ಮುಂಚಿತವಾಗಿಯೇ ಹೊರಟುಹೋದರು.

ದೊಡ್ಡತ್ತೆ ಮತ್ತೆ ಕೇಳಲಿಲ್ಲ. ನಶ್ಯವನ್ನು ಒಂದು ಹಳೆಯ ಮುಲಾಮಿನ ತಗಡಿನ ಡಬ್ಬಿಗೆ ಹಾಕಿಕೊಂಡರು. ಎರಡು ದಿನಕ್ಕೇ ಅದು ಸೀನಿನ ಬದಲು ಕೆಮ್ಮು ಬರಿಸತೊಡಗಿತು. ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೂತಾಗ ಒಮ್ಮೆ, "ನೋಡು, ನನಗೆ ಅಂತ ಹೇಳಿಕೊಳ್ಳೋಕೆ ಇದ್ದದ್ದು ಅದೊಂದು. ಸೀರೆ ತಮ್ಮ ಕೊಡಿಸಿದ್ದು. ಚಾಪೆ ಅಮ್ಮನದು. ಹರಿವಾಣ ಕೂಡ ಮನೇದೇ," ಎಂದರು. ಅಳಲಿಲ್ಲ. ಲೆಕ್ಕ ಒಪ್ಪಿಸುವ ಹಾಗೆ ಹೇಳಿ ಮೊರ ಕುಟ್ಟಿದರು. ನಾನು ಇನ್ನೊಂದು ಸೇರು ಅಕ್ಕಿ ತಂದು ಮುಂದೆ ಸುರಿದೆ. ಸೊಸೆಯರಿಗೆ ಆ ಕಾಲದಲ್ಲಿ ಗೊತ್ತಿದ್ದ ಸಮಾಧಾನ ಅಷ್ಟೇ.

ಹೀಗಿರುವಾಗ ನಿಡಘಟ್ಟದಿಂದ ಸುದ್ದಿ ಬಂತು: ಮಾವನವರ ದಾಯಾದಿಯೊಬ್ಬರು ಹೋಗಿಬಿಟ್ಟರು. ಒಂದು ಹುಣಸೆಮರಕ್ಕಾಗಿ ಅವರಿಗೂ ಮಾವನವರಿಗೂ ಮದ್ದೂರಿನ ಕೋರ್ಟಿನಲ್ಲಿ ವರ್ಷಾನುಗಟ್ಟಲೆ ವ್ಯಾಜ್ಯ ನಡೆದಿತ್ತು. ಮದ್ದೂರು ನನ್ನ ತವರು. ಕೋರ್ಟಿಗೆ ಬಂದಾಗ ಇಬ್ಬರೂ ನಮ್ಮಪ್ಪನ ಜಗಲಿಯಲ್ಲೇ ಬುತ್ತಿ ಬಿಚ್ಚುತ್ತಿದ್ದರು, ಒಬ್ಬರಿಗೊಬ್ಬರು ಬೆನ್ನು ಹಾಕಿಕೊಂಡು. ಬದುಕಿದ್ದಾಗ ಮುಖ ನೋಡದಿದ್ದರೂ ಸತ್ತ ಮೇಲೆ ಹತ್ತು ದಿನದ ಸೂತಕ ತಪ್ಪುವುದಿಲ್ಲ. ಸಂಬಂಧ ಅಂದರೆ ಅದೇ ತಾನೆ. ಮಾವನವರು ಬಹಳ ಶಿಸ್ತಾಗಿ ಸೂತಕ ಹಿಡಿದರು. ಸಂತೋಷಕ್ಕೂ ಶಿಸ್ತು ಬೇಕಾಗುತ್ತದೆ.

ಶುದ್ಧಿಯ ದಿನ ಬೆಳಿಗ್ಗೆ ಪುರೋಹಿತರು ಪುಣ್ಯಾಹಕ್ಕೆ ಬಂದು ನಡುಮನೆಯಲ್ಲಿ ಕೂತರು. ಅಕ್ಕಪಕ್ಕದವರೂ ಬಂದಿದ್ದರು. ಮೇಷ್ಟರ ಹೆಂಡತಿ ಕಂಬಕ್ಕೆ ಒರಗಿ ನಿಂತಿದ್ದಳು. ದೊಡ್ಡತ್ತೆ ಮಣ್ಣಿನ ಮಡಕೆ ಕುಡಿಕೆಗಳನ್ನೆಲ್ಲ ಒಂದೊಂದಾಗಿ ಹಿತ್ತಿಲ ಬಾಗಿಲಿಗೆ ಸಾಗಿಸುತ್ತಿದ್ದವರು ನಡುವೆ ನಿಂತು, ಬಹಳ ವಿನಯದಿಂದ ಕೇಳಿದರು.

"ಪುರೋಹಿತರೆ, ಮಣ್ಣಿನದೆಲ್ಲ ಆಚೆ ಹೋಗಬೇಕಲ್ಲವೆ?"

"ಹೋಗಲೇಬೇಕಮ್ಮ."

"ಪಿಂಗಾಣಿ?"

ಪುರೋಹಿತರು ಜಾಣರು, ಮಾವನವರ ಮುಖ ನೋಡಿದರು. ಮಾವನವರು ಗೂಡಿನ ಕಡೆ ನೋಡಿದರು. ಬೀದಿಯವರೆಲ್ಲ ಮಾವನವರನ್ನು ನೋಡಿದರು.

"ಪಿಂಗಾಣಿ ಅಂದರೆ... ಅದು ಅಷ್ಟು ಸುಲಭವಾಗಿ ಹೇಳೋ ಮಾತಲ್ಲ," ಎಂದು ಮಾವನವರು ಗಂಟಲು ಸರಿಮಾಡಿಕೊಂಡರು.

"ಹೋದ ವರ್ಷ ಸುಲಭವಾಗಿತ್ತಲ್ಲ," ಎಂದಳು ಮೇಷ್ಟರ ಹೆಂಡತಿ. "ಬಿಳೀ ಬಣ್ಣ ಬಳಿದುಕೊಂಡ ಮಾತ್ರಕ್ಕೆ..." ಎಂದು ಅಷ್ಟಕ್ಕೇ ನಿಲ್ಲಿಸಿದಳು. ಮಿಕ್ಕದ್ದನ್ನು ಜಗಲಿಯಲ್ಲಿದ್ದ ಯಾರೋ ಪೂರೈಸಿದರು.

"ಅದು ಬಟ್ಟಲು. ಇದು ಬೇರೆ ದ್ರವ್ಯ."

"ಆ ಪಂಡಿತರೇ ತಿರುಗಿಸಿ ತೋರಿಸಿದರಲ್ಲೋ, ತಳದಲ್ಲಿ ಮಣ್ಣು," ಎಂದರು ದೊಡ್ಡತ್ತೆ. "ನೀನೂ ಬಗ್ಗಿ ನೋಡಿದೆ."

"ಹಾಗಾದರೆ ಉಪ್ಪಿನಕಾಯಿ ಜಾಡಿನೂ ಎಸೀಬೇಕಾಗುತ್ತೆ!"

"ಉಪ್ಪು, ಎಣ್ಣೆ ಇದ್ದರೆ ದೋಷವಿಲ್ಲ ಅಂದಿದ್ದೀಯ. ಇದರಲ್ಲಿ ಏನಿದೆ?"

ಅದರಲ್ಲಿ ಏನೂ ಇರಲಿಲ್ಲ. ಏನೂ ಇರದ ಹಾಗೆ ಮಾಡಿಸಿದ್ದವರು ಮಾವನವರೇ. ಬಚ್ಚಲ ಕಿಟಕಿಯಲ್ಲಿದ್ದಿದ್ದರೆ ಸೂತಕದ ಲೆಕ್ಕಕ್ಕೇ ಬರುತ್ತಿರಲಿಲ್ಲ. ಮನೆಯ ನಟ್ಟನಡುವೆ ತಂದು ಕೂರಿಸಿದ್ದವರೂ ಅವರೇ. ನನಗೆ ಬಂದ ನಗೆಯನ್ನು ಸೆರಗಿನಲ್ಲಿ ಕೆಮ್ಮು ಮಾಡಿಕೊಂಡೆ. ಪುರೋಹಿತರು ಹೊತ್ತು ಮೀರುತ್ತದೆಂದು ಕಲಶದ ದಾರ ಸುತ್ತತೊಡಗಿದರು. ದೊಡ್ಡತ್ತೆ ಗೂಡಿನಿಂದ ಡಬ್ಬಿ ತೆಗೆದುಕೊಂಡರು. ರೇಷ್ಮೆ ಚೂರನ್ನು ಅಲ್ಲೇ ಬಿಟ್ಟರು, ಗಣಪತಿಯನ್ನು ಮತ್ತೆ ನಡುವಿಗೆ ಸರಿಸಿದರು.

ಹಿತ್ತಿಲ ಬೇಲಿಯ ಆಚೆ ಹಾಲಿನ ಹೆಂಗಸು ನಿಂತಿದ್ದಳು. ಎದುರು ಬೀದಿಯ ಒಕ್ಕಲಿಗರ ಮನೆಯವಳು, ನಮಗೆ ಹಾಲು ಕೊಡುವವಳು. ಆ ಹೊತ್ತಿಗೆ ಅಲ್ಲಿ ನಿಲ್ಲುವ ಕೆಲಸ ಅವಳಿಗೆ ಏನೂ ಇರಲಿಲ್ಲ. ಹಿಂದಿನ ದಿನ ದೊಡ್ಡತ್ತೆ ಬೇಲಿಯ ಹತ್ತಿರ ಅವಳೊಡನೆ ಪಿಸುಮಾತಾಡಿದ್ದನ್ನು ನಾನು ಕಂಡಿದ್ದೆ. ದೊಡ್ಡತ್ತೆ ಮಡಕೆಗಳನ್ನು ತಿಪ್ಪೆಗೆ ಎಸೆದರು. ಡಬ್ಬಿಯನ್ನು ಎಸೆಯಲಿಲ್ಲ, ಒಣ ಹುಲ್ಲಿನ ಮೇಲೆ ಇಟ್ಟರು.

"ಏನ್ ದೊಡ್ಡಮ್ಮಾರೆ, ಇಷ್ಟ್ ಸಂದಾಗಿರೋದ್ನೂ ಬಿಸಾಕ್ತಿದ್ದೀರಾ?" ಅವಳ ಗಂಟಲು ನಡುಮನೆಯ ತನಕ ಕೇಳುವಂಥದು.

"ಸೂತಕ ಕಣೇ."

"ಸೂತ್ಕ ನಿಮ್ಗೆ ಕಣಮ್ಮ. ಸತ್ತೋನು ನಿಮ್ಮ್ ದಾಯಾದಿ, ನಂಗೇನ್ ಬಾಮೈದ್ನಾ? ನಾನ್ ಎತ್ಕಂಡ್ ಓಯ್ತೀನಿ ಬುಡಿ."

"ತಿಪ್ಪೆಗೆ ಬಂದದ್ದು ನಮ್ಮದಲ್ಲಮ್ಮ," ಎಂದು ದೊಡ್ಡತ್ತೆ ಕೈ ತೊಳೆದುಕೊಂಡು ಒಳಗೆ ಬಂದರು.

ಅಂದಿನಿಂದ ಒಂದು ಹೊಸ ಪದ್ಧತಿ ಸುರುವಾಯಿತು. ಊಟ ಮುಗಿದು ಮಡಿ ಬಿಟ್ಟ ಮೇಲೆ ದೊಡ್ಡತ್ತೆ 'ಮಜ್ಜಿಗೆ ವಿಚಾರ ಮಾತಾಡಬೇಕು' ಎಂದು ಎದುರು ಬೀದಿಗೆ ಹೋಗುವರು. ಮಜ್ಜಿಗೆಯ ಬಗ್ಗೆ ದಿನಾ ಮಾತಾಡುವಂಥದು ಏನಿರುತ್ತದೋ! ಹಾಲಿನವಳ ಜಗಲಿಯಲ್ಲಿ ಡಬ್ಬಿ ಕಾದಿರುತ್ತಿತ್ತು, ನಶ್ಯ ತುಂಬಿಕೊಂಡು, ಹದವಾಗಿ, ತಣ್ಣಗೆ. ಸೂತಕದಲ್ಲಿ ಆಚೆ ಹೋದದ್ದನ್ನು ಮನೆಗೆ ತರುವ ಹಾಗಿಲ್ಲ, ಸರಿ. ಆದರೆ ಒಣ ಪದಾರ್ಥಕ್ಕೆ ಮೈಲಿಗೆಯಿಲ್ಲ ಎಂಬ ಇನ್ನೊಂದು ತೀರ್ಪನ್ನು ಮಾವನವರು ಸಂತೆಯ ಹುರಿದ ಕಡಲೆಕಾಯಿಗಾಗಿ ಎಂದೋ ಕೊಟ್ಟಿದ್ದರು. ನಶ್ಯಕ್ಕಿಂತ ಒಣ ಪದಾರ್ಥ ಲೋಕದಲ್ಲಿ ಯಾವುದಿದೆ?

ಪಂಡಿತರು ಮಾತಿನಂತೆ ಕಾಗದಪತ್ರ ತಂದರು, ಜೊತೆಗೆ ಹತ್ತಿ ತುಂಬಿದ ಒಂದು ಮರದ ಪೆಟ್ಟಿಗೆ. ಮಾವನವರಿಗೆ ಬೆವರು. "ಇಲ್ಲೇ ಎದುರಿಗೆ... ಜೋಪಾನಕ್ಕೆ ಕೊಟ್ಟಿದ್ದೀವಿ," ಎಂದು ಅವರನ್ನು ಕರೆದುಕೊಂಡು ಬೀದಿ ದಾಟಿದರು. ನಮ್ಮ ಮನೆತನದ ಗಂಡಸು ಆ ಜಗಲಿ ಹತ್ತಿದ್ದು ಅದೇ ಮೊದಲಿರಬೇಕು. ಕಾಫಿಯ ಲೋಟ ತರುವ ನೆಪದಲ್ಲಿ ನಾನೂ ಹಿಂದೆ ಹೋದೆ; ನೆಪ ಎಂದು ಯಾರಿಗೂ ಹೊಳೆಯಲಿಲ್ಲ, ಸೊಸೆಯ ಕೈಯಲ್ಲಿ ಲೋಟವಿದ್ದರೆ ಅವಳು ಎಲ್ಲಿಗಾದರೂ ಹೋಗಬಹುದಿತ್ತು.

"ಆ ಬಿಳೀ ಡಬ್ಬಿ ಸ್ವಲ್ಪ ತಂದುಕೊಡಮ್ಮ," ಎಂದರು ಮಾವನವರು.

"ನೀವ್ ಬಿಸಾಕುದ್ರಲ್ಲ ಸ್ವಾಮ್ಯೋರೆ, ಅದಾ? ಬಿಸಾಕುದ್ಮೇಲೆ ನಿಮ್ದೆಂಗಾಯ್ತದೆ?"

"ಸರ್ಕಾರಕ್ಕೆ ಬೇಕಂತೆ."

"ಯಾಕೆ, ಸರ್ಕಾರಕ್ಕೂ ನಸ್ಯ ಏರ್ಸೋ ಅಬ್ಯಾಸ ಐತಾ?" ಎಂದು ನಕ್ಕು, ಮತ್ತೆ ಪಂಡಿತರ ಮುಖ ನೋಡಿ ಸ್ವಲ್ಪ ಮೆತ್ತಗಾದಳು. "ನಂದಲ್ಲ ಕಣ್ ಸ್ವಾಮಿ. ದೊಡ್ಡಮ್ಮಾರ್ದು. ನಾನ್ ಮಡಿಕ್ಕಂಡಿವ್ನಿ ಅಷ್ಟೇಯ. ಅವ್ರು ಕೊಡು ಅನ್ಲಿ, ಈಗ್ಲೇ ಕೊಟ್ಬುಡ್ತೀನಿ."

ದೊಡ್ಡತ್ತೆ ಅಲ್ಲೇ ಬಾಗಿಲ ಮರೆಯಲ್ಲಿದ್ದರು. ತಲೆಯ ಮೇಲಿನ ಸೆರಗು ಮುಂದಕ್ಕೆಳೆದುಕೊಂಡು ಹೊರಗೆ ಬಂದರು. ಡಬ್ಬಿ ಕೈಯಲ್ಲೇ ಇತ್ತು.

"ಅಮ್ಮಾ, ಇದು ನಿಮ್ಮ ಸ್ವಂತದ್ದು ಅಂತ ನನಗೆ ಯಾರೂ ಹೇಳಲಿಲ್ಲ," ಎಂದರು ಪಂಡಿತರು. ಅವರಿಗೆ ನಿಜವಾಗಿ ನಾಚಿಕೆಯಾಗಿತ್ತು.

"ಹೇಳೋಕೆ ಯಾರಿಗೂ ಪುರುಸೊತ್ತಿರಲಿಲ್ಲಪ್ಪ. ಇರಲಿ. ಅಲ್ಲಿ ಇದರೊಳಗೆ ಏನಿಡ್ತೀರಿ?"

"ಏನೂ ಇಡೋದಿಲ್ಲಮ್ಮ. ಗಾಜಿನ ಬೀರುವಿನಲ್ಲಿ ಹಾಗೇ ಇಡ್ತೀವಿ. ಜನ ಬಂದು ನೋಡ್ತಾರೆ."

"ಮುಟ್ಟೋಲ್ಲವೆ?"

"ಮುಟ್ಟೋ ಹಾಗಿಲ್ಲ. ಬೀಗ ಹಾಕಿರುತ್ತೆ. ಬಹಳ ಜೋಪಾನ."

ದೊಡ್ಡತ್ತೆ ಮುಚ್ಚಳ ತೆಗೆದರು, ಮುಚ್ಚಿದರು.

"ಮಡಿಯಲ್ಲಿ ಇಡ್ತೀರಿ ಅನ್ನಿ," ಎಂದರು. "ಒಳಗೆ ಏನೂ ಇಲ್ಲ, ಹೊರಗಿಂದ ಯಾರೂ ಮುಟ್ಟೋ ಹಾಗಿಲ್ಲ, ಬಂದವರೆಲ್ಲ ದೂರ ನಿಂತು ಎಷ್ಟು ಚೆನ್ನಾಗಿಟ್ಟಿದ್ದಾರೆ ಅನ್ನಬೇಕು. ಆ ಕೆಲಸಕ್ಕೆ ನಮ್ಮನೆಯಲ್ಲಿ ನಾನೊಬ್ಬಳು ಇದ್ದೀನಲ್ಲಪ್ಪ, ಸಾಕು. ಇದು ಇಲ್ಲೇ ಇರಲಿ, ಕೈಯಿಂದ ಕೈಗೆ."

ಪಂಡಿತರು ಕಾಗದಪತ್ರವನ್ನು ಮಡಚಿ ಜೇಬಿಗೆ ಹಾಕಿಕೊಂಡರು, ಹತ್ತಿಯ ಪೆಟ್ಟಿಗೆಯ ಮುಚ್ಚಳ ಮುಚ್ಚಿದರು. ದೊಡ್ಡತ್ತೆ ಒಂದು ಚಿಟಿಕೆ ತೆಗೆದುಕೊಂಡು ಡಬ್ಬಿಯನ್ನು ಅವರ ಮುಂದೆ ಹಿಡಿದರು. ಅವರು ಸಂಕೋಚದಿಂದ ಎರಡು ಬೆರಳಿನಲ್ಲಿ ಸ್ವಲ್ಪ ತೆಗೆದುಕೊಂಡು ಏರಿಸಿದರು. ಅಭ್ಯಾಸವಿಲ್ಲದ ಮೂಗು, ಕಣ್ಣಲ್ಲಿ ನೀರು ಬರುವ ತನಕ ಸೀನಿದರು. ಸೀನಿನಿಂದಲೇ ಬಂದ ನೀರು ಎಂದು ನಾವೆಲ್ಲ ಒಪ್ಪಿಕೊಂಡೆವು.

ಮಾವನವರು ಆ ಮಧ್ಯಾಹ್ನ ಎರಡನೇ ಸಲ ಸ್ನಾನ ಮಾಡಬೇಕಾಯಿತು, ಒಕ್ಕಲಿಗರ ಜಗಲಿ ಹತ್ತಿದ್ದಕ್ಕೆ. ಹಂಡೆಯಲ್ಲಿ ನೀರು ಆರಿಹೋಗಿತ್ತು. ಒಲೆ ಹಚ್ಚಲೇ ಎಂದು ನಾನು ಕೇಳಬಹುದಿತ್ತು. ಅವರಾಗಿ ಹೇಳಲಿಲ್ಲ, ನಾನಾಗಿ ಕೇಳಲಿಲ್ಲ.

ಆಮೇಲೆ ಬಹಳ ಕಾಲ, ಜಗಲಿಗೆ ಬಂದವರು ಆ ಚೀನಾ ಡಬ್ಬಿ ಏನಾಯಿತೆಂದು ಕೇಳಿದರೆ ಮಾವನವರು ಶಲ್ಯ ಸರಿಮಾಡಿಕೊಂಡು, "ಮ್ಯೂಸಿಯಂನವರು ಮನೆಗೇ ಬಂದು ಕೇಳಿದರು ಸ್ವಾಮಿ. ನಾವೇ ಕೊಡಲಿಲ್ಲ," ಎನ್ನುತ್ತಿದ್ದರು. ದೊಡ್ಡತ್ತೆ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದರು. ಅಷ್ಟು ಹೊತ್ತಿಗೆ ಎಲ್ಲರ ಊಟ ಮುಗಿದಿರುತ್ತಿತ್ತು. ಸೆರಗಿನಲ್ಲಿ ಕೈ ಒರೆಸಿಕೊಂಡು, ಹಿತ್ತಿಲ ಬಾಗಿಲು ಮುಂದೆ ಮಾಡಿಕೊಂಡು, ಅವರು ಎದುರು ಬೀದಿಗೆ ಹೊರಟಿರುತ್ತಿದ್ದರು.